ಈ ವಾರ ನನ್ನ ಪಾಳಿ

ಈಗ ನೀವು ನೋಡ್ತಿರುವುದು ನಮ್ಮ ಮನೆ ಬಾಗಿಲು. ಜರ್ಮನಿಯ ಸ್ಟುಟ್‌ಗಾರ್ಟ್, ಮೂರನೇ ಮಹಡಿ. ಹಿಡಿಕೆಯಲ್ಲಿ ಒಂದು ಪುಟ್ಟ ಹಲಗೆ ನೇತಾಡ್ತಾ ಉಂಟಲ್ಲ, ಅದರಲ್ಲಿ ಬರೆದದ್ದು ‘ಕೇರ್‌ವೋಖೆ’. ಗುಡಿಸುವ ವಾರ ಅಂತ. ನಮ್ಮ ಅಕ್ಕಿ ಕೇರುವುದಕ್ಕೂ ಈ ‘ಕೇರ್’ಗೂ ನೆಂಟಸ್ತಿಕೆ ಎಂತದೂ ಇಲ್ಲ, ಆದರೆ ನನಗೆ ನೆನಪಿಟ್ಟುಕೊಳ್ಳಲಿಕ್ಕೆ ಸುಲಭ ಆಯ್ತು.

ಇದು ಈ ಕಡೆಯ ಶ್ವಾಬಿಯಾದವರ ಹಳೇ ರೂಢಿ. ಹಲಗೆ ಯಾರ ಬಾಗಿಲಲ್ಲಿ ಉಂಟೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಳಿ. ಮುಗಿದ ಮೇಲೆ ಪಕ್ಕದ ಮನೆಗೆ ನೇತುಹಾಕುವುದು. ಚಳಿಗಾಲದಲ್ಲಿ ರಸ್ತೆ ಬದಿಯ ಹಿಮ ಎಳೆಯುವ ಪಾಳಿ ಬೇರೆ. ನಮ್ಮ ಬಾಡಿಗೆ ಕರಾರಿನಲ್ಲೇ ಬರೆದಿದ್ದರು, ನಾವು ಓದಿರಲಿಲ್ಲ ಅಷ್ಟೆ.

ಮೊದಲ ವರ್ಷ ಕೆಳಗಿನ ಮನೆ ಅಜ್ಜಿ ಬಂದು ನಾನು ಗುಡಿಸಿದ ಮೆಟ್ಟಿಲಿನ ಮೂಲೆಗೆ ಬೆರಳು ತೋರಿಸಿದರು. ಏನೋ ಹೇಳಿದರು, ಶ್ವಾಬಿಯಾದ ಆಡುಮಾತಿನಲ್ಲಿ. ಬಿ1 ಅನ್ನುವ ಮಧ್ಯಮ ಹಂತದ ಭಾಷಾ ಪರೀಕ್ಷೆ ಪಾಸಾದ ನನ್ನ ಜರ್ಮನ್‌ಗೆ ಅದು ಒಂದಕ್ಷರ ಹತ್ತಲಿಲ್ಲ. ಕೊನೆಗೆ ಪೊರಕೆ ಕಸಿದುಕೊಂಡು ತಾವೇ ಗುಡಿಸಿ ತೋರಿಸಿದರು. ಅವಮಾನ ಆಯ್ತು ಮಾರಾಯ್ರೆ. ಅಳುಮುಖ ಮಾಡಿಕೊಂಡು ಪುತ್ತೂರಿಗೆ ಫೋನ್ ಮಾಡಿದರೆ ಅಮ್ಮ, “ಅವರು ಹೇಳಿದ್ದರಲ್ಲಿ ತಪ್ಪೆಂತದು? ನೀನು ಇಲ್ಲಿಯೂ ಮೂಲೆ ಗುಡಿಸಿದವಳಲ್ಲ” ಅಂದರು.

ಆ ಅಮ್ಮನೇ ಈಗ ನನ್ನ ಕೈಗೆ ಹಿಡಿಸೂಡಿ ಕೊಡುವುದಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದರೆ ಬೆಳಿಗ್ಗೆ ಅಂಗಳ ಗುಡಿಸುವ ಸದ್ದಿಗೇ ಎಚ್ಚರ. ಒಂದು ಬದಿ ಒಣಗಲಿಕ್ಕೆ ಹಾಕಿದ ಅಡಿಕೆ, ಇನ್ನೊಂದು ಬದಿ ಅಮ್ಮ ಸೊಂಟ ಬಗ್ಗಿಸಿಕೊಂಡು. ಎದ್ದು ಹೋಗಿ ಕೈ ಚಾಚಿದರೆ, “ನೀನೆಂತಕ್ಕೆ? ನಾಲ್ಕು ದಿನಕ್ಕೆ ಬಂದವಳು, ಮಲಗು.” ಸ್ನಾನಕ್ಕೆ ಹೊಸ ಬೈರಾಸು. ಒಂದು ದಿನ ಕಾಫಿ ಲೋಟ ಹಿಡಿದುಕೊಂಡು ಬಂದು ಕೇಳಿದರು: “ನಿನಗೆ ಸಕ್ಕರೆ ಎಷ್ಟು?” ನಾನು ಒಂದು ಕ್ಷಣ ಉತ್ತರ ಕೊಡಲಿಲ್ಲ. ಅಮ್ಮನಿಗೆ ಗೊತ್ತಾಯ್ತೋ ಏನೋ, ಅವರೂ ಕಾಯದೆ ಒಳಗೆ ಹೋದರು.

ಕಾಗದಪತ್ರದ ಕತೆಯೂ ಉಂಟು. 2024ರ ಜೂನ್ 27ರಿಂದ ಜರ್ಮನಿ ತನ್ನ ಪೌರತ್ವ ಕೊಡುವಾಗ ಹಳೇ ಪಾಸ್‌ಪೋರ್ಟ್ ಬಿಡಿ ಅಂತ ಕೇಳುವುದಿಲ್ಲ. ಎಂಟು ವರ್ಷದ ವಾಸ ಬೇಕಿದ್ದದ್ದೂ ಐದಕ್ಕೆ ಇಳಿದಿದೆ. ಬಿಡಿ ಅನ್ನುವುದು ಭಾರತ. ಬದಲಿಗೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಿಗ್ತದೆ, ಬಂದು ಹೋಗಲಿಕ್ಕೆ ವೀಸಾ ಬೇಡ, ಆದರೆ ಓಟು ಇಲ್ಲ. ಅಪ್ಪನ ಚಿಂತೆ ತೋಟದ್ದು. ಒಸಿಐನವರು ಕೃಷಿಭೂಮಿ ಖರೀದಿಸುವ ಹಾಗಿಲ್ಲ, ವಾರಸಾಗಿ ಬಂದರೆ ತೊಂದರೆ ಇಲ್ಲ. “ಹಾಗಾದ್ರೆ ನಾನು ಸತ್ತ ಮೇಲೇ ಸರಿಯಾಗುವುದು” ಅಂತ ಅಪ್ಪ ನಗ್ತಾರೆ. ನನಗೆ ನಗು ಬರುವುದಿಲ್ಲ. ಜರ್ಮನ್ ಪೌರತ್ವದ ಅರ್ಜಿ ನಮ್ಮ ಡ್ರಾಯರಿನಲ್ಲಿ ಅರ್ಧ ತುಂಬಿಸಿದ ಹಾಗೇ ಉಂಟು.

ಈ ಹೊಳೆ ಬದಿಯ ಊರು ಎಸ್ಲಿಂಗನ್, ನಮ್ಮಲ್ಲಿಂದ ರೈಲಿನಲ್ಲಿ ಕಾಲು ಗಂಟೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೊಗ್ಲಿಂಗ್ ಇದೇ ಸೀಮೆಯವರು, 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ನಿಘಂಟಿನ ಕಿಟೆಲ್ ಇನ್ನೂ ಸ್ವಲ್ಪ ಆಚೆ, ಟ್ಯೂಬಿಂಗನ್‌ನಲ್ಲಿ. ಅವರಂತೂ ಒಮ್ಮೆ ಜರ್ಮನಿಗೆ ವಾಪಸಾಗಿ, ನಿಘಂಟು ಮುಗಿಸಲಿಕ್ಕೆ ಮತ್ತೆ ನಮ್ಮ ಕಡೆ ಹೊರಟು ಬಂದವರು. ಇವರ ಬಾಸೆಲ್ ಮಿಷನ್ ನೆಲೆಯಾಗಿದ್ದ ಮಂಗಳೂರಿನ ಬಲ್ಮಠದಲ್ಲಿ ಬಸ್ಸು ಕಾಯುತ್ತಾ ಕಾಲೇಜು ಮುಗಿಸಿದವಳಿಗೆ ಇದೆಲ್ಲ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ! ಮೊಗ್ಲಿಂಗರಿಗೆ ಇಲ್ಲಿಯ ಚಳಿಯಲ್ಲಿ ನಮ್ಮ ಸೆಕೆ ನೆನಪಾಗಿರಬಹುದಾ? ಯಾರ ಹತ್ತಿರವಾದರೂ ಕನ್ನಡದಲ್ಲಿ ಗೊಣಗಬೇಕು ಅಂತ ಅನ್ನಿಸಿರಬಹುದಾ? ಅದನ್ನೇ ಯೋಚಿಸ್ತಾ ಈ ಬೆಂಚಿನಲ್ಲಿ ಕೂತು ನಾನು ಬುತ್ತಿಯ ಚಿತ್ರಾನ್ನ ತಿಂದದ್ದು.

ಹೋದ ಸಲ ಊರಲ್ಲಿ ಮೂರು ವಾರ ಇದ್ದೆ. ವಾಪಸ್ ಬಂದಾಗ ರಾತ್ರಿ ಹನ್ನೊಂದೂವರೆ. ಬಾಗಿಲಲ್ಲಿ ಹಲಗೆ, ಜೊತೆಗೆ ಅಜ್ಜಿಯ ಚೀಟಿ: ನಿನ್ನ ಪಾಳಿ ನಾನು ಮಾಡಿದ್ದೇನೆ, ಈಗ ನನ್ನದನ್ನೂ ಸೇರಿಸಿ ಎರಡು ವಾರ ನಿನ್ನದು. ಸೂಟ್‌ಕೇಸ್ ಇಟ್ಟು ಅಲ್ಲೇ ನಿಂತು ನಕ್ಕೆ.

ಅದಕ್ಕೆ ಎರಡು ದಿನ ಮೊದಲಿನ ಕ್ಲಿಪ್ ಇದು, ಪುತ್ತೂರಿನದು. ಅಮ್ಮನಿಗೆ ಮೊಣಗಂಟು ನೋವು, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾರೆ. ಹಿಡಿಸೂಡಿ ನನ್ನ ಕೈಯಲ್ಲಿ. ಗಾಳಿಗೆ ಆಡಿಯೋ ಸರಿಯಾಗಿಲ್ಲ, ಅವರು ಹೇಳ್ತಿರುವುದು “ಮೂಲೆ, ಮೂಲೆ ಬಿಟ್ಟೆ” ಅಂತ.

ಸರಿ, ಬಕೆಟಿನ ನೀರು ತಣ್ಣಗಾಗ್ತಾ ಉಂಟು. ಇನ್ನೂ ಎರಡು ಮಹಡಿ ಒರೆಸಲಿಕ್ಕೆ ಬಾಕಿ.