ಮೊಸಳೆ ಬಿಡಿ, ಪದವು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಈಗ ಮಧ್ಯಾಹ್ನದ ಹೊತ್ತು. ನಿಮ್ಮಲ್ಲಿ ಕೆಲವರು ಬೀಡಿ ಕಟ್ಟುತ್ತಾ ಕೇಳುತ್ತಿರಬಹುದು, ಕೆಲವರು ಅಡಿಕೆ ಸುಲಿಯುತ್ತಾ. ಕೈಕೆಲಸ ನಿಲ್ಲಿಸಬೇಡಿ, ಕಿವಿ ಇತ್ತ ಕೊಟ್ಟರೆ ಸಾಕು. ಒಂದು ಕೆರೆಯ ಊರಿನ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಹೇಳಿದ್ದಾರೆ. ನಾನು ಆರಿಸಿಕೊಂಡದ್ದು ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ ಪಕ್ಕದ ಅನಂತಪುರ.

ಅನಂತಪುರ ಅಂದ ಕೂಡಲೇ ನಿಮಗೆ ಏನು ನೆನಪಾಯಿತು ಅಂತ ನನಗೆ ಗೊತ್ತು. ಮೊಸಳೆ! ನಾನು ಭೂಗೋಳ ಕಲಿಸಿದ ಮಾಷ್ಟ್ರು. ಇಡೀ ಉದ್ಯೋಗದ ಕಾಲದಲ್ಲಿ ಅನಂತಪುರದ ಬಗ್ಗೆ ಬಾಯಿ ತೆರೆದಾಗಲೆಲ್ಲ ಕೇಳಿದ್ದು ಅದೊಂದೇ ಪ್ರಶ್ನೆ. ಹಾಗಾಗಿ ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಲ್ಲಿನ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಸತ್ತದ್ದು 2022ರ ಅಕ್ಟೋಬರ್ 9ರ ರಾತ್ರಿ. ಅದಕ್ಕೆ 70 ವರ್ಷ ದಾಟಿತ್ತು ಅನ್ನುತ್ತಾರೆ. ನೈವೇದ್ಯದ ಅನ್ನ ತಿನ್ನುತ್ತಿತ್ತು. ಮರುದಿನ ನೋಡಲು ಜನ ಕಿಕ್ಕಿರಿದು ಬಂದರು. ದೇವಸ್ಥಾನದ ಜಾಗದಲ್ಲೇ ಅದನ್ನು ಮಣ್ಣು ಮಾಡಿದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಪೇಪರಿನಲ್ಲಿ, ಮೊಬೈಲಿನಲ್ಲಿ ಮತ್ತೆ ಅದೇ ಗದ್ದಲ. ಆಯಿತು, ಮೊಸಳೆಯ ಕತೆ ಮುಗಿಯಿತು.

ಈಗ ನಾನು ಕೇಳುತ್ತೇನೆ. ಆ ಮೊಸಳೆ ಅಷ್ಟು ವರ್ಷ ಬದುಕಿದ್ದು ನೀರಿನಲ್ಲಿ ಅಲ್ವಾ? ಆ ನೀರು ಎಲ್ಲಿಂದ ಬಂತು?

ನೋಡದವರಿಗಾಗಿ ಹೇಳುತ್ತೇನೆ. ಸುತ್ತ ಬೋಳು ಬೋಳಾದ ಪದವು, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲು. ಮುರಕಲ್ಲು ಅಂದರೆ ನಮ್ಮ ಕೆಂಪುಕಲ್ಲು. ನಡುವೆ ಒಂದು ತಗ್ಗು. ಮೆಟ್ಟಿಲು ಇಳಿದರೆ ಮುರಕಲ್ಲಿನ ಗೋಡೆಗಳ ನಡುವೆ ಸುಮಾರು 2 ಎಕರೆಯ ಕೆರೆ. ಕೆರೆಯ ಮಧ್ಯೆ ಅನಂತಪದ್ಮನಾಭನ ಗುಡಿ. ಅಲ್ಲಿಗೆ ಹೋಗಲು ಸಣ್ಣ ಸೇತುವೆ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ಐತಿಹ್ಯ. ಬಿಲ್ವಮಂಗಲ ಸ್ವಾಮಿಗಳು ಇಲ್ಲಿ ತಪಸ್ಸು ಮಾಡುತ್ತಿದ್ದಾಗ ಒಬ್ಬ ಹುಡುಗ ಬಂದು ಸೇವೆಗೆ ನಿಂತನಂತೆ. ಒಂದು ದಿನ ಅವನ ತುಂಟತನ ತಡೆಯಲಾರದೆ ಸ್ವಾಮಿಗಳು ಎಡಗೈಯಿಂದ ತಳ್ಳಿದರಂತೆ. ಹುಡುಗ ಮಾಯವಾಗಿ ಒಂದು ಗುಹೆ ಹೊಕ್ಕ. ಆ ಗುಹೆ ಕೆರೆಯ ಮೂಲೆಯಲ್ಲಿ ಇವತ್ತಿಗೂ ಇದೆ. ಗಟ್ಟಿ ಮುರಕಲ್ಲಿನ ಅಡಿಯ ಮೆದು ಮಣ್ಣು ನೀರಿಗೆ ಕೊಚ್ಚಿಹೋದರೆ ಗುಹೆ ಆಗುತ್ತದೆ, ಅದು ಈ ನೆಲದ ಗುಣ. ಕತೆ ಹೇಳುವವರ ಜೊತೆ ನನಗೆ ಜಗಳ ಇಲ್ಲ. ಆದರೆ ಅವರ ಕತೆಯಲ್ಲೂ, ನನ್ನ ಪಾಠದಲ್ಲೂ ನೀರಿನ ದಾರಿ ನೆಲದ ಒಳಗಿನಿಂದಲೇ, ಅಲ್ವಾ?

ನಾನು ಹೇಳಬೇಕೆಂದಿರುವುದು ಇಷ್ಟೇ. ಕೆರೆಯ ನೀರು ಪದವಿನ ನೀರು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರು ಪದವಿನ ಮೇಲೆ ಬಿದ್ದು ಪಳ್ಳಗಳಲ್ಲಿ, ಅಂದರೆ ಕಲ್ಲಿನ ಮೇಲಿನ ಹೊಂಡಗಳಲ್ಲಿ, ನಿಲ್ಲುತ್ತದೆ. ಮುರಕಲ್ಲು ದೋಸೆಯ ಹಾಗೆ ತೂತು ತೂತು. ನೀರು ನಿಧಾನ ಒಳಗೆ ಇಳಿಯುತ್ತದೆ. ಕೆಳಗೆ ಶೇಡಿ ಮಣ್ಣಿನ, ಅಂದರೆ ಮೆದು ಜೇಡಿಮಣ್ಣಿನ ಪದರ. ಅದು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಆಗ ನೀರು ಬದಿಗೆ ಸರಿದು ಇಳಿಜಾರಿನಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ತಗ್ಗು ಇದ್ದಲ್ಲಿ ಕೆರೆ ತುಂಬುತ್ತದೆ. ಇದರಲ್ಲಿ ಪವಾಡ ಏನೂ ಇಲ್ಲ. ಆದರೆ ನನಗೆ ಇದಕ್ಕಿಂತ ಚಂದದ ವಿಷಯ ಇನ್ನೊಂದಿಲ್ಲ.

ಒಮ್ಮೆ ಘಟ್ಟದ ಮೇಲಿನ ಕಾಲೇಜು ಮಕ್ಕಳನ್ನು ಅನಂತಪುರಕ್ಕೆ ಕರೆದುಕೊಂಡು ಹೋಗಿದ್ದೆ. ಏಪ್ರಿಲ್ ತಿಂಗಳ ಬಿಸಿಲು. ಬಬಿಯಾ ಆಗ ಇತ್ತು. ಜೊತೆಗೆ ಬಾಯಾರು ಕಡೆಯ ಒಬ್ಬ ಹಿರಿಯರು ಬಂದಿದ್ದರು. ಸುರಂಗ ಅಗೆಯುವುದರಲ್ಲೇ ಆಯುಸ್ಸು ಕಳೆದವರು. ಬೇರೆ ಊರಿನ ಕೇಳುಗರಿಗೆ ಹೇಳಬೇಕು, ಇಲ್ಲಿ ಸುರಂಗ ಅಂದರೆ ರೈಲು ಹೋಗುವುದಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ದಾರಿ. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹರಿದು ಬರುತ್ತದೆ.

ಮಕ್ಕಳೆಲ್ಲ ಮೊಬೈಲ್ ಹಿಡಿದು ಕೆರೆಯ ಕಟ್ಟೆಯಲ್ಲಿ ಸಾಲಾಗಿ ನಿಂತರು. ಹಿರಿಯರು ಸ್ವಲ್ಪ ಹೊತ್ತು ನೋಡಿದರು. "ಎಂತ ಮಾಷ್ಟ್ರೇ, ನೀರು ನೋಡ್ಲಿಕ್ಕೆ ಬಂದು ಕೆಳಗೆ ನೋಡಿದ್ರೆ ಆಗ್ತದಾ? ಬನ್ನಿ ಮೇಲೆ" ಅಂದು ನಡೆದೇಬಿಟ್ಟರು. ನಾನು ಹಿಂದೆ, ಮಕ್ಕಳು ಗೊಣಗುತ್ತಾ ನನ್ನ ಹಿಂದೆ. ಪದವು ಕಾದು ಸುಡುತ್ತಿತ್ತು. ಒಣಗಿದ ಮುಳಿಹುಲ್ಲು, ಕಪ್ಪು ಕಲ್ಲು, ನೆರಳಿಗೆ ಒಂದು ಮರ ಇಲ್ಲ. ಹಿರಿಯರು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆದರು. ಒಂದು ಪಳ್ಳದ ಹತ್ತಿರ ಕೂತರು. ಅದರಲ್ಲಿ ಹನಿ ನೀರಿಲ್ಲ. "ಇದು ಖಾಲಿ ಅಂತ ನಿಮ್ಗೆ ಕಾಣ್ತದೆ. ಕುಡಿದು ಆಗಿದೆ ಇದಕ್ಕೆ" ಅಂದರು.

ಆಮೇಲೆ ಮಾತು ಶುರುವಾಯಿತು ನೋಡಿ. ಸುರಂಗ ಎಲ್ಲಿ ಅಗೆಯಬೇಕು ಅಂತ ಗೊತ್ತಾಗುವುದು ಹೇಗೆ? ಹುತ್ತ ನೋಡಬೇಕು, ಬೇಸಿಗೆಯಲ್ಲೂ ಹಸಿರಾಗಿ ಇರುವ ಗಿಡ ನೋಡಬೇಕು. ಅಗಲ ಎಷ್ಟು? ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟು. ಜಾಸ್ತಿ ಅಗಲ ಮಾಡಿದರೆ ಕುಸಿಯುತ್ತದೆ. ಒಳಗೆ ಕತ್ತಲೆ. ಸುರಂಗದ ಬಾಯಲ್ಲಿ ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ದೂರ ಹೋದ ಮೇಲೆ ಮೇಣದಬತ್ತಿ. ಬತ್ತಿ ಮಂಕಾದರೆ ಗಾಳಿ ಇಲ್ಲ ಅಂತ ಅರ್ಥ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಹೀಗೆ ದಿನಕ್ಕಿಷ್ಟು ಅಂತ ಹೋಗುತ್ತಾ ಹೋಗುತ್ತಾ ಒಂದು ದಿನ ಗೋಡೆ ಬೆವರುತ್ತದೆ. "ಆ ದಿನ ಮನೆಯವರು ಪಾಯಸ ಮಾಡ್ತಾರೆ" ಅಂದರು. ಒಬ್ಬ ಹುಡುಗ ಎಲ್ಲ ಕೇಳಿಸಿಕೊಂಡು, "ಅಜ್ಜಾ, ಮೊಸಳೆ ಇಲ್ಲಿಯವರೆಗೂ ಬರುತ್ತಾ?" ಅಂದ. ನನಗೆ ಸಿಟ್ಟು ಬಂತು. ಅಜ್ಜ ನಕ್ಕರು.

ಕೊನೆಗೆ ಅವರು ಒಂದು ಮನೆಯ ವಿಷಯ ಹೇಳಿದರು. ಅವರೇ ಅಗೆದು ಕೊಟ್ಟ ಸುರಂಗ. ಮೇ ತಿಂಗಳಲ್ಲೂ ನೀರು ನಿಂತದ್ದಿಲ್ಲ. ಮೇಲಿನ ಪದವಿನಲ್ಲಿ ಕೆಂಪುಕಲ್ಲಿನ ಕೋರೆ ಶುರುವಾಯಿತು. ಮೆಷಿನ್ ಹಾಕಿ ಕಲ್ಲು ಕೊಯ್ದರು, ಲಾರಿ ತುಂಬಿಸಿದರು. ಸುರಂಗ ಒಣಗಿತು. "ಮತ್ತೆ ನನ್ನನ್ನೇ ಕರೆದ್ರು, ಇನ್ನು ಸ್ವಲ್ಪ ಒಳಗೆ ಅಗೆದು ಕೊಡಿ ಅಂತ. ಎಲ್ಲಿಗೆ ಅಗೆಯುವುದು ಮಾರಾಯ್ರೆ? ಆಚೆ ಬದಿಯಲ್ಲಿ ಕೋರೆಯೇ ಕಾಣ್ತದಲ್ಲ!"

ನೋಡಿ, ಅದೇ ನಾನು ಹೇಳುವುದು. ಕೆರೆಯ ನೀರು ಪದವಿನ ನೀರು. ಪದವು ಅಂದರೆ ಹಾಳು ಜಾಗ ಅಂತ ನಮ್ಮವರಿಗೆ ಲೆಕ್ಕ. ಅಲ್ಲಿ ತೆಂಗು ಬರುವುದಿಲ್ಲ, ಅಡಿಕೆ ಬರುವುದಿಲ್ಲ, ಹಾಗಾಗಿ ಜೆಸಿಬಿ ತಂದು ಸಪಾಟು ಮಾಡುವುದು. ಮತ್ತೆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಲ್ಲುವುದು. ಕೆರೆಯ ಹೂಳು ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೇಲೆ ಪದವನ್ನು ಮುಗಿಸಿ ಕೆಳಗೆ ಸುಮ್ನೆ ಹೂಳು ತೆಗೆದರೆ ಏನು ಸಿಗುತ್ತದೆ?

ಮದಕಗಳ ಬಗ್ಗೆ, ಅಂದರೆ ಮಳೆನೀರು ನಿಲ್ಲಿಸುವ ಗುಡ್ಡದ ಕೆರೆಗಳ ಬಗ್ಗೆ ಹೇಳಬೇಕಿತ್ತು. ಏತಡ್ಕದ ಕೃಷಿಕರು ತೋಡಿಗೆ ಹಾಕುವ ಕಟ್ಟಗಳ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕಿತ್ತು. ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಅಜ್ಜನ ಕತೆ ಉದ್ದ ಆಯಿತು, ನನಗೆ ಬೇಸರವಿಲ್ಲ. ಊರಿನ ಬಗ್ಗೆ ನಾಲ್ಕು ಮಾತು ಬೇಗ ಬೇಗ ಹೇಳುತ್ತೇನೆ. ಕುಂಬಳೆ ಹಿಂದೆ ಅರಸರ ಸೀಮೆ. ಅಡೂರು, ಮಧೂರು, ಕಾವು, ಕಣಿಪುರ ಅಂತ ಸೀಮೆಗೆ ನಾಲ್ಕು ದೇವಸ್ಥಾನ. ಯಕ್ಷಗಾನದ ಕವಿ ಪಾರ್ತಿಸುಬ್ಬ ಈ ಊರಿನವನು. ಕಾವು ಅಂದರೆ ಮುಜುಂಗಾವು, ಅಲ್ಲೂ ಕೆರೆ ಇದೆ. ಕಾವೇರಿ ಸಂಕ್ರಮಣದ ದಿನ ತೀರ್ಥಸ್ನಾನಕ್ಕೆ ಜನ ಸೇರುತ್ತಾರೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಈಗಲೂ ಕುಂಬಳೆ ಪೇಟೆಯಲ್ಲಿ ಮೀನು ಕೊಳ್ಳುವಷ್ಟರಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತದೆ.

ಅನಂತಪುರಕ್ಕೆ ಹೋಗುವವರು ಕುಂಬಳೆಯಿಂದ ಬದಿಯಡ್ಕದ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿಯಿರಿ. ಅಲ್ಲಿಂದ ಒಳದಾರಿ. ಬೇಸಿಗೆ ರಜೆಯಲ್ಲಿ ಬೇಡ, ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ ಹೋಗಿ. ನೇರ ಕೆರೆಗೆ ಇಳಿಯಬೇಡಿ. ಮೊದಲು ಪದವಿನ ಮೇಲೆ ಹತ್ತಿ, ಪಳ್ಳ ತುಂಬಿರುವುದನ್ನು ನೋಡಿ, ಆಮೇಲೆ ಮೆಟ್ಟಿಲು ಇಳಿಯಿರಿ. ಮುರಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಮೊಸಳೆ ಕಂಡರೆ ಕಾಣಲಿ. ನಮಸ್ಕಾರ.