ಕಿರುಪ್ರಬಂಧ ಬರೆಸುವ ಕೆಲಸ

ಕೇಳುಗರಿಗೆ ನಮಸ್ಕಾರ. ಸ್ನಾತಕೋತ್ತರ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರಿನಲ್ಲಿ ಬರೆಯುವ ಕಿರುಪ್ರಬಂಧದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಬರೆಸುವ ಮಾರ್ಗದರ್ಶಕರ ಹೊಣೆಯ ಬಗ್ಗೆ ಈ ಹೊತ್ತು ಮಾತನಾಡಲಿದ್ದೇನೆ.

ಮೊದಲ ಭೇಟಿಗೆ ಬರುವ ವಿದ್ಯಾರ್ಥಿಗಳ ಬಳಿ ಸಾಮಾನ್ಯವಾಗಿ ವಿಷಯವಿರುತ್ತದೆ, ಪ್ರಶ್ನೆ ಇರುವುದಿಲ್ಲ. 'ಶಿವಮೊಗ್ಗ ಜಿಲ್ಲೆಯ ವೀರಗಲ್ಲುಗಳು: ಒಂದು ಅಧ್ಯಯನ' ಎಂಬಂಥ ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ನಾಲ್ಕೈದು ತಿಂಗಳಲ್ಲಿ ಇಷ್ಟು ದೊಡ್ಡ ಹರಹನ್ನು ಯಾರೂ ಮುಟ್ಟಿ ಮುಗಿಸಲಾರರು. ಮುಗಿಸಿದರೂ ಅದು ಹಿಂದಿನವರು ಹೇಳಿದ್ದರ ಪಟ್ಟಿಯಾಗುತ್ತದೆ. ಜಿಲ್ಲೆಯನ್ನು ಸೊರಬ ತಾಲ್ಲೂಕಿಗೆ ಇಳಿಸಬೇಕು. ಅಲ್ಲಿನ ವೀರಗಲ್ಲುಗಳಲ್ಲಿಯೂ ತುರುಗಾಳಗದಲ್ಲಿ, ಅಂದರೆ ಕದ್ದೊಯ್ದ ದನಗಳನ್ನು ಮರಳಿ ತರುವ ಕಾದಾಟದಲ್ಲಿ ಸತ್ತವರ ಕಲ್ಲುಗಳನ್ನಷ್ಟೇ ಆರಿಸಿಕೊಳ್ಳಬೇಕು. ಆಮೇಲೆ ಅವುಗಳಿಗೆ ಒಂದೇ ಒಂದು ಪ್ರಶ್ನೆ ಕೇಳಬೇಕು: ಸತ್ತವನ ಮನೆಯವರಿಗೆ ಏನು ಸಿಕ್ಕಿತು, ಅದನ್ನು ಕೊಟ್ಟವರು ಯಾರು? ಶಾಸನಗಳು ಇಂಥ ದತ್ತಿಯನ್ನು ನೆತ್ತರುಗೊಡಗೆ ಎಂದೂ ಕಲ್ನಾಡು ಎಂದೂ ಕರೆಯುತ್ತವೆ. ಕೆಲವು ಕಲ್ಲುಗಳು ವೀರನ ಸಾವನ್ನು ಹೇಳಿ ದತ್ತಿಯ ಮಾತನ್ನೇ ಎತ್ತುವುದಿಲ್ಲ. ಹಾಗೇಕೆ ಎಂದು ಕೇಳಿಕೊಂಡ ವಿದ್ಯಾರ್ಥಿಗೆ ಎರಡನೆಯ ಅಧ್ಯಾಯ ತಾನಾಗಿ ದೊರೆಯುತ್ತದೆ.

ಇನ್ನು ಆಕರಗಳು. ಸೊರಬದ ಶಾಸನಗಳು ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ 8ನೆಯ ಸಂಪುಟದಲ್ಲಿ, 1904ರಲ್ಲಿ ಅಚ್ಚಾದವು. ಅದರಲ್ಲಿ ಕನ್ನಡ ಪಾಠ, ಅದರ ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ. ಹಳಗನ್ನಡಕ್ಕೆ ಹೆದರುವ ವಿದ್ಯಾರ್ಥಿಗಳು ನೇರವಾಗಿ ಅನುವಾದಕ್ಕೆ ಹೋಗುತ್ತಾರೆ. ಆದರೆ ಆ ಅನುವಾದದಲ್ಲಿ ಎಷ್ಟೋ ಕಡೆ ಶಕವರ್ಷ, ತಿಥಿ, ವಾರಗಳನ್ನು ಬಿಟ್ಟು 'ಹೇಳಿದ ದಿನದಂದು' ಎಂದಷ್ಟೇ ಕಂಸದಲ್ಲಿ ಸೂಚಿಸಿದೆ, ಬಿರುದಾವಳಿಗಳನ್ನೂ ಮೊಟಕುಗೊಳಿಸಿದೆ. ಕಾಲವನ್ನೂ ಅಧಿಕಾರಿಯ ಹೆಸರನ್ನೂ ನೆಚ್ಚಿ ವಾದ ಕಟ್ಟುವವರಿಗೆ ಅದು ಸಾಲದು. ಆದ್ದರಿಂದ ಮೊದಲ ಕೆಲವು ವಾರ ಮಾರ್ಗದರ್ಶಕರು ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು ಕನ್ನಡ ಪಾಠವನ್ನು ಸಾಲುಸಾಲಾಗಿ ಓದಿಸುವುದು ಒಳ್ಳೆಯದು. 'ತುರುವಂ ಮಗುಳ್ಚಿ' (ದನಗಳನ್ನು ಮರಳಿಸಿ) ಎಂಬಂಥ ನುಡಿಗಟ್ಟುಗಳು ಮತ್ತೆ ಮತ್ತೆ ಬರುವುದರಿಂದ, ಹತ್ತಾರು ಶಾಸನಗಳಾಗುವಷ್ಟರಲ್ಲಿ ಆ ಭಯ ಬಹುಮಟ್ಟಿಗೆ ಕಳೆಯುತ್ತದೆ. ಆಮೇಲೆ ಕ್ಷೇತ್ರಕಾರ್ಯ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಎಂದು ಪುಸ್ತಕಗಳು ವರ್ಣಿಸುವ ಮೂರು ಪಟ್ಟಿಕೆಗಳು ನಿಜವಾದ ಕಲ್ಲಿನಲ್ಲಿ ಹೇಗಿವೆ, ಎಷ್ಟು ಸವೆದಿವೆ ಎಂಬುದನ್ನು ಕಣ್ಣಾರೆ ನೋಡಿದವರ ಬರವಣಿಗೆಯೇ ಬೇರೆ.

ಬರೆಯುವಾಗ ಒಂದು ಹಳೆಯ ಚಾಳಿಯನ್ನು ತಡೆಯಬೇಕಾಗುತ್ತದೆ. ನಮ್ಮಲ್ಲಿ ಎಷ್ಟೋ ಕಿರುಪ್ರಬಂಧಗಳ ಮೊದಲ ಅಧ್ಯಾಯ ಜಿಲ್ಲೆಯ ಗಡಿ, ನದಿ, ಮಳೆಯ ಪ್ರಮಾಣಗಳಿಗೇ ಮೀಸಲು. ಗ್ಯಾಸೆಟಿಯರಿನಿಂದ ಇಳಿಸಿಕೊಂಡ ಆ ಪುಟಗಳಿಗೂ ಮುಂದಿನ ವಾದಕ್ಕೂ ಸಂಬಂಧವಿಲ್ಲದಿದ್ದರೆ ಅವು ಬೇಡವೇ ಬೇಡ. ದತ್ತಿಗಳ ಅಧ್ಯಾಯವನ್ನು ಮೊದಲು ಬರೆಸಿ, ಪ್ರಸ್ತಾವನೆಯನ್ನು ಕೊನೆಗೆ ಬರೆಸುವುದು ನನಗೆ ಸರಿಯೆನಿಸುತ್ತದೆ. ಕರಡು ತಿದ್ದುವಾಗಲೂ ಮೊದಲ ಸುತ್ತಿನಲ್ಲಿ ವಾದವನ್ನಷ್ಟೇ ನೋಡಿ, ಕಾಗುಣಿತವನ್ನು ಎರಡನೆಯ ಸುತ್ತಿಗೆ ಬಿಡಬೇಕು. ವಿದ್ಯಾರ್ಥಿಯ ವಾಕ್ಯವನ್ನು ನಾವೇ ಬರೆದುಕೊಡುವುದಂತೂ ಕೂಡದು.

ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ತಂದ ನಿಯಮಾವಳಿ ಸ್ನಾತಕೋತ್ತರ ಪ್ರಬಂಧಗಳಿಗೂ ಅನ್ವಯಿಸುತ್ತದೆ. ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ಗೊತ್ತುಪಡಿಸಿದ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆಕರವನ್ನು ಹೇಳಿ ಉದ್ಧರಿಸಿದ ಶಾಸನಪಾಠ ಈ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಉದ್ಧರಣೆಗೆ ಅಂಜಬೇಕಿಲ್ಲ. ಆದರೆ ಅಂತರ್ಜಾಲಕ್ಕೆ ಏರದ ಹಳೆಯ ಕನ್ನಡ ಪುಸ್ತಕವೊಂದರಿಂದ ಎತ್ತಿದ ಪುಟವನ್ನು ಹೋಲಿಕೆ ಹುಡುಕುವ ತಂತ್ರಾಂಶ ಹಿಡಿಯಲಾರದು. ಅಲ್ಲಿ ಮಾರ್ಗದರ್ಶಕರ ಓದೇ ಗತಿ. ವಿದ್ಯಾರ್ಥಿಯ ಶೈಲಿ ಇದ್ದಕ್ಕಿದ್ದಂತೆ ಬದಲಾದ ಪುಟ ಕಂಡರೆ, ಅಲ್ಲಿ ಹೇಳಿರುವ ಮಾತು ಯಾವ ಊರಿನ, ಯಾವ ಸಂಖ್ಯೆಯ ಶಾಸನದಲ್ಲಿದೆ ಎಂದು ಆಗಲೇ ಕೇಳಿ, ಸಂಪುಟವನ್ನು ತರಿಸಿ, ಇಬ್ಬರೂ ಕೂಡಿ ನೋಡಬೇಕು. ನಮಸ್ಕಾರ.