ಒಂದೇ ಭಾನುವಾರಕ್ಕೆ ಮೂರು ಪ್ರದರ್ಶನ

ಕೇಳುಗರಿಗೆ ನಮಸ್ಕಾರ.

ಮಾದರಿ ರೈಲುಗಳ ಪ್ರದರ್ಶನ ಮುಗಿಯುತ್ತ ಬಂತೆಂದು ತಿಳಿಯಲು ಗಡಿಯಾರ ನೋಡಬೇಕಾಗಿಲ್ಲ, ಕಿವಿ ಸಾಕು. ಭಾನುವಾರ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಸಭಾಂಗಣದ ಯಾವುದೋ ಮೂಲೆಯಿಂದ ಅಂಟುಪಟ್ಟಿಯನ್ನು ಪರ್ರೆಂದು ಎಳೆಯುವ ಸದ್ದು ಕೇಳಿಸುತ್ತದೆ. ಒಬ್ಬ ವ್ಯಾಪಾರಿ ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದಾನೆ. ಬಾಗಿಲಲ್ಲಿ ತೂಗುಹಾಕಿದ ಫಲಕದ ಪ್ರಕಾರ ಪ್ರದರ್ಶನ ನಾಲ್ಕು ಗಂಟೆಯವರೆಗೆ ಇದೆ. ಆದರೆ ಆ ಸದ್ದು ಆಕಳಿಕೆಯ ಜಾತಿಯದು, ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬುತ್ತದೆ. ಮೂರಕ್ಕೆಲ್ಲ ಹತ್ತು ಕಡೆಯಿಂದ ಪರ್ರೆನ್ನುತ್ತದೆ. ಮೂರೂ ಕಾಲಿಗೆ ಟಿಕೆಟ್ ಕೊಂಡು ಒಳಗೆ ಬಂದ ಕುಟುಂಬಕ್ಕೆ ಕಾಣುವುದು ಅರ್ಧ ಬರಿದಾದ ಮೇಜುಗಳು ಮತ್ತು ಬೆನ್ನು ತಿರುಗಿಸಿ ನಿಂತ ಜನ. ಅವರು ಮುಂದಿನ ವರ್ಷ ಬರುವುದಿಲ್ಲ. ಆಗ ನಾವು ಸಭೆ ಸೇರಿ, ‘ಈಗಿನವರಿಗೆ ರೈಲಿನಲ್ಲಿ ಆಸಕ್ತಿಯೇ ಇಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ.

ಇವತ್ತಿನ ನನ್ನ ಮಾತು ಆ ನಿಟ್ಟುಸಿರಿನ ಮೇಲೆ ನನಗಿರುವ ತಕರಾರು.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ನಮ್ಮಲ್ಲಿ ಲೇಔಟ್ ಎಂದರೆ ನಿವೇಶನ ಹಂಚುವ ಬಡಾವಣೆಯಲ್ಲ. ಹಲಗೆಗಳ ಮೇಲೆ ಹಳಿ, ನಿಲ್ದಾಣ, ಗುಡ್ಡ, ಸೇತುವೆ ಎಲ್ಲವನ್ನೂ ಕೂರಿಸಿ ಕಟ್ಟಿದ ಚಿಕ್ಕ ರೈಲುಲೋಕ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ನಿಜವಾದ ವಸ್ತುವಿನ 87ನೇ ಒಂದು ಪಾಲು. 26 ಮೀಟರ್ ಉದ್ದದ ಬೋಗಿ ಇಲ್ಲಿ 30 ಸೆಂಟಿಮೀಟರಿಗೆ ಇಳಿಯುತ್ತದೆ, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಒಂದು ಕಿಲೋಮೀಟರ್ ದಾರಿಯನ್ನು ಇಷ್ಟಕ್ಕೆ ಕುಗ್ಗಿಸಿದರೂ ಹನ್ನೊಂದೂವರೆ ಮೀಟರ್ ಬೇಕು. ಹೀಗಾಗಿ ಲೇಔಟನ್ನು ತುಂಡುತುಂಡಾಗಿ ಕಟ್ಟಿ, ವ್ಯಾನಿನಲ್ಲಿ ತುಂಬಿ, ಶುಕ್ರವಾರ ಸಂಜೆ ಸಭಾಂಗಣದಲ್ಲಿ ಜೋಡಿಸಿ, ಎರಡು ದಿನ ಓಡಿಸಿ, ಭಾನುವಾರ ಸಂಜೆ ಬಿಚ್ಚಿ ಹೊತ್ತು ತರುತ್ತಾರೆ. ಸಾಗಿಸುವಾಗ ಒಂದು ಹಳಿಯ ತುದಿ ಅರ್ಧ ಮಿಲಿಮೀಟರ್ ಸರಿದರೂ ಶನಿವಾರ ಬೆಳಗ್ಗೆ ಮೊದಲ ಗಾಡಿ ಅಲ್ಲೇ ಮಗುಚುತ್ತದೆ. ಸಾಮಾನ್ಯವಾಗಿ ಜನ ಬಾಗಿಲು ದಾಟಿ ಒಳಬರುವ ಗಳಿಗೆಯಲ್ಲೇ ಮಗುಚುತ್ತದೆ.

ಇದು ಅಳತೆಗೆ ಪ್ರಾಣ ಬಿಡುವ ಜನರ ಹವ್ಯಾಸ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್‌ಜಿಗ್ ಮೇಳಕ್ಕೆ ಗೊತ್ತಾದ ಅಗಲದ ಹಳಿಗಳಿರುವ ಆಟಿಕೆ ರೈಲನ್ನು ತಂದಿತು. ಇವತ್ತು ಒಂದು ಇಂಜಿನ್, ಬರುವ ವರ್ಷ ಎರಡು ಬೋಗಿ, ಆಮೇಲೆ ಇನ್ನಷ್ಟು ಹಳಿ ಎಂದು ಕೂಡಿಸುತ್ತ ಹೋಗಬಹುದು ಎಂಬ ಆಸೆ ಹುಟ್ಟಿದ್ದು ಆ ಗೊತ್ತಾದ ಅಗಲದಿಂದ. ಅಮೆರಿಕದಲ್ಲಿ 1935ರಲ್ಲಿ ಮಿಲ್ವಾಕಿಯಲ್ಲಿ ಸೇರಿದ ಹವ್ಯಾಸಿಗಳು ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಒಬ್ಬ ತಯಾರಕನ ಬೋಗಿ ಇನ್ನೊಬ್ಬನ ಹಳಿಯ ಮೇಲೆ ಓಡಬೇಕು ಎಂಬುದು ಅವರ ದೊಡ್ಡ ಚಿಂತೆಯಾಗಿತ್ತು. ಚಕ್ರದ ಅಂಚು ಎಷ್ಟು ದಪ್ಪ ಇರಬೇಕು ಎಂಬುದಕ್ಕೂ ಕಾಗದದ ಮೇಲೆ ಒಪ್ಪಂದ ಇದೆ.

ಹಳಿಯ ಅಗಲಕ್ಕೆ ಒಪ್ಪಿದ ಈ ಜನ ದಿನಾಂಕಕ್ಕೆ ಮಾತ್ರ ಒಪ್ಪಲಿಲ್ಲ.

ಚಳಿಯ ದೇಶಗಳಲ್ಲಿ ಇದು ಅಕ್ಟೋಬರಿನಿಂದ ಮಾರ್ಚಿನವರೆಗಿನ ಆಟ. ಬೇಸಿಗೆಯಲ್ಲಿ ಜನ ಮನೆಯೊಳಗೆ ಇರುವುದಿಲ್ಲ, ಮುಚ್ಚಿದ ಸಭಾಂಗಣದೊಳಕ್ಕೆ ಬರುವುದಂತೂ ದೂರದ ಮಾತು. ಆರು ತಿಂಗಳೆಂದರೆ 26 ವಾರಾಂತ್ಯ. ಹಬ್ಬದ ರಜೆಗಳನ್ನು ಕಳೆದರೆ ಉಳಿಯುವುದು ಇಪ್ಪತ್ತರ ಆಸುಪಾಸು. ಅಷ್ಟರಲ್ಲೇ ಸುತ್ತಲಿನ ಪ್ರತಿ ಕ್ಲಬ್ಬಿಗೂ ಒಂದು ವಾರಾಂತ್ಯ ಬೇಕು, ಅದೂ ನವೆಂಬರ್ ಆದರೆ ಒಳ್ಳೆಯದು. ಎರಡು ಗಂಟೆಯ ಹಾದಿಯೊಳಗೆ ಒಂದೇ ಭಾನುವಾರ ಮೂರು ಪ್ರದರ್ಶನ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಮೂರೂ ಕ್ಲಬ್ಬಿನವರು ಆ ಸಂಜೆ ಜನ ಕಡಿಮೆಯಾದರೆಂದು ಬೇಸರಪಟ್ಟರು. ಜನ ಕಡಿಮೆಯಾಗಿರಲಿಲ್ಲ, ಮೂರು ಪಾಲಾಗಿದ್ದರು.

ದಿನ ಹಂಚಿಕೊಂಡರಾಯಿತಲ್ಲ, ಅದೇನು ಮಹಾ ಎನ್ನಬಹುದು. ಹಂಚಿಕೊಂಡಿದ್ದೇವೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ಒಂದು ಕ್ಲಬ್ಬಿನದು ‘ತಿಂಗಳ ನಾಲ್ಕನೆಯ ಶನಿವಾರ’, ಇನ್ನೊಂದರದು ‘ಕೊನೆಯ ಶನಿವಾರ’ ಎಂದುಕೊಳ್ಳಿ. ಐದು ಶನಿವಾರಗಳ ತಿಂಗಳಲ್ಲಿ ಇವೆರಡರ ನಡುವೆ ಒಂದು ವಾರದ ಬಿಡುವಿರುತ್ತದೆ. ನಾಲ್ಕೇ ಶನಿವಾರಗಳಿದ್ದರೆ ಎರಡೂ ಒಂದೇ ದಿನ. ಅಂದರೆ ಒಂದು ವರ್ಷ ಸುಸೂತ್ರವಾಗಿ ನಡೆದದ್ದು ಮರುವರ್ಷ ತಾನಾಗಿ ಡಿಕ್ಕಿ ಹೊಡೆಯುತ್ತದೆ, ಯಾರೂ ಏನನ್ನೂ ಬದಲಾಯಿಸದೆ. ಈಸ್ಟರ್ ರಜೆಗೆ ಕಟ್ಟಿಹಾಕಿದ ಪ್ರದರ್ಶನಗಳ ಪಾಡು ಇನ್ನೂ ಸೊಗಸು. ಈಸ್ಟರ್ ಭಾನುವಾರ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಅದರ ಹಿಂದೆ ಓಡುವ ಪ್ರದರ್ಶನ ಒಂದು ವರ್ಷ ಒಬ್ಬರ ಕಾಲು ತುಳಿದರೆ ಮರುವರ್ಷ ಇನ್ನೊಬ್ಬರದು.

ಇದರ ಮೇಲೆ ಸಭಾಂಗಣದವರು. ಒಳ್ಳೆಯ ಲೇಔಟುಗಳನ್ನು ಎರಡು ವರ್ಷ ಮುಂಚೆಯೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಸಭಾಂಗಣದವರು ಒಂದು ವರ್ಷಕ್ಕಿಂತ ಮುಂಚೆ ಖಚಿತವಾಗಿ ಹೇಳುವುದಿಲ್ಲ. ಕೊನೆಗೆ ಅವರಿಗೆ ಮದುವೆಯೋ ನಾಯಿಗಳ ಪ್ರದರ್ಶನವೋ ಹೆಚ್ಚು ಬಾಡಿಗೆ ತಂದರೆ ನಮಗೆ ‘ಹಿಂದಿನ ವಾರ ತೆಗೆದುಕೊಳ್ಳಿ’ ಎನ್ನುತ್ತಾರೆ. ದಿನ ಸರಿಯಿತು. ಎರಡು ವರ್ಷ ಹಿಂದೆ ಒಪ್ಪಿದ್ದ ಲೇಔಟಿನವರಿಗೆ ಆ ವಾರ ಬೇರೆಡೆ ಮಾತು ಕೊಟ್ಟಾಗಿದೆ. ವ್ಯಾಪಾರಿಯ ಲೆಕ್ಕ ಇನ್ನೂ ನೇರ. ಮೇಜಿನ ಬಾಡಿಗೆ, ಡೀಸೆಲ್, ಎರಡು ರಾತ್ರಿಯ ವಸತಿ, ಇವು ಹುಟ್ಟದ ಕಡೆ ಅವನು ಬರುವುದಿಲ್ಲ. ಎರಡು ಪ್ರದರ್ಶನ ಒಂದೇ ದಿನ ಬಿದ್ದರೆ ದೊಡ್ಡದಕ್ಕೆ ಹೋಗುತ್ತಾನೆ. ಚಿಕ್ಕದರಲ್ಲಿ ಮಳಿಗೆಗಳು ತೆಳುವಾಗುತ್ತವೆ, ನೋಡಲು ಬಂದವರು ಅದನ್ನು ಮನೆಯಲ್ಲಿ ಹೇಳುತ್ತಾರೆ, ಮರುವರ್ಷ ಬಾಗಿಲಲ್ಲಿ ಇನ್ನಷ್ಟು ಕಡಿಮೆ ಟಿಕೆಟ್ ಹರಿಯುತ್ತದೆ.

ಹೋಗುವ ಗಾಡಿಗೂ ಬರುವ ಗಾಡಿಗೂ ಒಂದೇ ದಾರಿಯಿದ್ದ ಹಳೆಯ ಏಕಹಳಿ ಮಾರ್ಗಗಳಲ್ಲಿ ಇಂಥ ಡಿಕ್ಕಿಗೊಂದು ಉಪಾಯ ಇತ್ತು. ಎರಡು ನಿಲ್ದಾಣಗಳ ನಡುವಿನ ತುಂಡಿಗೆ ಒಮ್ಮೆಗೆ ಒಂದೇ ಟೋಕನ್ ಹೊರಬರುವಂತೆ ಏರ್ಪಾಡು. ಸ್ಟೇಷನ್ ಮಾಸ್ಟರ್ ಅದನ್ನು ದೊಡ್ಡ ಬಳೆಗೆ ಸಿಕ್ಕಿಸಿ ಚಾಲಕನ ಕೈಗೆ ಕೊಡುತ್ತಿದ್ದ. ಅದು ಕೈಯಲ್ಲಿಲ್ಲದೆ ಗಾಡಿ ಮುಂದಕ್ಕೆ ಹೋಗುವಂತಿಲ್ಲ, ಎದುರಿನವನು ಎಷ್ಟೇ ಅವಸರದಲ್ಲಿರಲಿ ಕಾಯಬೇಕು. ನಮ್ಮ ಹವ್ಯಾಸಿಗಳಲ್ಲಿ ಅನೇಕರು ಈ ವ್ಯವಸ್ಥೆಯನ್ನು ಅಂಗೈಯಗಲದಲ್ಲಿ ಮರುಸೃಷ್ಟಿ ಮಾಡಿ, ಗಂಟೆಯನ್ನು ಹದಿನೈದು ನಿಮಿಷಕ್ಕೆ ಇಳಿಸುವ ವೇಗದ ಗಡಿಯಾರ ಇಟ್ಟುಕೊಂಡು, ವೇಳಾಪಟ್ಟಿ ಹಿಡಿದು ಗಾಡಿ ಓಡಿಸುತ್ತಾರೆ. ಅದೇ ಮಹನೀಯರು ನೆರೆಯ ಕ್ಲಬ್ಬಿಗೆ ಒಂದು ಫೋನ್ ಮಾಡದೆ ನವೆಂಬರಿನ ಸಭಾಂಗಣಕ್ಕೆ ಮುಂಗಡ ಕಟ್ಟಿ ಬರುತ್ತಾರೆ.

ದಿನ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಎರಡು ಉದಾಹರಣೆಗಳಿವೆ. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನ ಮೇಳ ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್. ಹಳೆಯ ಆಟಿಕೆ ರೈಲು ಸಂಗ್ರಹಿಸುವವರು ಅದನ್ನು ಮೇಳ ಎಂದೂ ಕರೆಯುವುದಿಲ್ಲ, ‘ಯಾರ್ಕಿಗೆ ಬರುತ್ತೀರಾ?’ ಎಂದಷ್ಟೇ ಕೇಳುತ್ತಾರೆ. ಮ್ಯಾಸಚೂಸೆಟ್ಸಿನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಮ್ಹರ್ಸ್ಟ್ ರೈಲ್ವೇ ಸೊಸೈಟಿ ನಡೆಸುವ ಪ್ರದರ್ಶನ ಜನವರಿಯ ಕೊನೆಯ ಭಾಗದಲ್ಲಿ. ಅಲ್ಲಿ ಆಗ ಹಿಮ ಬೀಳುವ ಕಾಲ, ಬುದ್ಧಿಯಿದ್ದವರು ಹೊರಡುವ ಹೊತ್ತಲ್ಲ. ಆದರೂ 20,000ಕ್ಕಿಂತ ಹೆಚ್ಚು ಜನ ಬರುತ್ತಾರೆ. ಮೇಳದ ಗಾತ್ರವೂ ಅವರನ್ನು ಸೆಳೆಯುತ್ತದೆ, ನಿಜ. ಆದರೆ ಜನವರಿ ಕೊನೆ ಎಂದರೆ ಅದೇ ಎಂಬುದು ಅವರ ಮೈಗೆ ಹತ್ತಿಬಿಟ್ಟಿದೆ. ಅದಕ್ಕಾಗಿ ಅವರು ಪ್ರಕಟಣೆ ಹುಡುಕಿಕೊಂಡು ಹೋಗುವುದಿಲ್ಲ.

ಎಲ್ಲವನ್ನೂ ಕ್ಯಾಲೆಂಡರಿನ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಇಂಗ್ಲೆಂಡಿನ ವಾರ್ಲಿ ಕ್ಲಬ್ಬಿನ ಪ್ರದರ್ಶನ ಬರ್ಮಿಂಗ್‌ಹ್ಯಾಮಿನ ಭಾರೀ ಪ್ರದರ್ಶನ ಕೇಂದ್ರದಲ್ಲಿ ನವೆಂಬರ್ ಕೊನೆಗೆ ನಡೆಯುತ್ತಿತ್ತು. ದಿನವೂ ಗಟ್ಟಿ, ಹೆಸರೂ ದೊಡ್ಡದು. 2023ರದೇ ಕೊನೆಯದಾಯಿತು. ಏರಿದ ಖರ್ಚು ಮತ್ತು ವಯಸ್ಸಾಗುತ್ತಿರುವ ಸ್ವಯಂಸೇವಕರು ಅದನ್ನು ನಿಲ್ಲಿಸಿದ ಕಾರಣಗಳು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ, ಏಕೆಂದರೆ ಲೇಔಟಿನ ಹಲಗೆಗಳನ್ನು ಹೊರುವವರಲ್ಲಿ ಬಹುಪಾಲು ಜನಕ್ಕೆ ಮಂಡಿ ನೋವಿದೆ. ಇನ್ನು ಕೊಳ್ಳುವ ವಿಚಾರ. ಹೊಸ ಇಂಜಿನನ್ನು ಮೊದಲು ಕಣ್ಣಾರೆ ಕಾಣುವುದು ಪ್ರದರ್ಶನದಲ್ಲಿ ಎಂಬ ಕಾಲ ಹೋಯಿತು. ಈಗ ತಯಾರಿಕೆಗೆ ಮೊದಲೇ ಮೊಬೈಲಿನಲ್ಲಿ ಹೆಸರು ಬರೆಸಿ ಕಾಯುತ್ತಾರೆ, ಅದು ಅಂಚೆಯಲ್ಲಿ ಮನೆಗೇ ಬರುತ್ತದೆ. ವ್ಯಾಪಾರದ ಈ ಭಾಗ ಸಭಾಂಗಣಕ್ಕೆ ಮರಳಿ ಬರುತ್ತದೆಂದು ಕಾಯುವುದು ವ್ಯರ್ಥ.

ಆದರೆ ಆಸಕ್ತಿ ಸತ್ತಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲ್ಯಾಂಡ್ ಇದೇ 87ನೇ ಒಂದು ಅಳತೆಯ ಲೇಔಟ್. ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಅದನ್ನು ನೋಡುತ್ತಾರೆ. ಅದು ಯಾವಾಗ ತೆರೆದಿರುತ್ತದೆ ಎಂದು ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. ವರ್ಷವಿಡೀ ತೆರೆದೇ ಇರುತ್ತದೆ, ಒಳಹೋಗುವ ಗಂಟೆಯೂ ಟಿಕೆಟಿನಲ್ಲಿ ಗೊತ್ತಾಗಿರುತ್ತದೆ. ಸಂಜೆ ಬಂದವನಿಗೂ ಅಲ್ಲಿ ಪೂರ್ತಿ ರೈಲು ಸಿಗುತ್ತದೆ.

ನಮ್ಮಲ್ಲಿ ಸಂಜೆ ಬಂದವನಿಗೆ ಏನು ಸಿಗುತ್ತದೆ ಎಂಬುದನ್ನು ಆಗಲೇ ಹೇಳಿದೆ. ಬೆಳಗ್ಗೆ ಬಂದವರಲ್ಲೂ ಎಲ್ಲರಿಗೂ ರೈಲು ಕಾಣುತ್ತದೆ ಎನ್ನುವಂತಿಲ್ಲ. ಒಮ್ಮೆ ಒಂದು ಲೇಔಟಿನ ಮುಂದೆ ಬಿದ್ದ ತಿರುಪುಮೊಳೆಯನ್ನು ಹುಡುಕಲು ಮಂಡಿಯೂರಿದೆ. ಆರು ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತಿದ್ದಳು, ಅವಳ ಕಣ್ಣೂ ನನ್ನ ಕಣ್ಣೂ ಒಂದೇ ಮಟ್ಟದಲ್ಲಿದ್ದವು. ಹಲಗೆ ಇದ್ದದ್ದು ನೆಲದಿಂದ ಒಂದೂ ಕಾಲು ಮೀಟರ್ ಎತ್ತರದಲ್ಲಿ. ನಿಂತ ವಯಸ್ಕನಿಗೆ ಗಾಡಿ ಮೈಸವರಿಕೊಂಡು ಹೋದಂತೆ ಕಾಣಲಿ ಎಂದು ಹಾಗೆ ಇಡುತ್ತೇವೆ. ಅಲ್ಲಿಂದ ನನಗೆ ಕಂಡದ್ದು ಕಪ್ಪು ಪರದೆಯ ಅಂಚು, ಅದರ ಸಂದಿಯಲ್ಲಿ ಇಳಿಬಿದ್ದ ಕೆಂಪು ಹಳದಿ ತಂತಿಗಳು, ಅಡಿಯಲ್ಲಿ ತುರುಕಿದ್ದ ಯಾರದೋ ಕೋಟು. ತಲೆಯ ಮೇಲೆಲ್ಲೋ ಗಾಡಿ ಗಡಗಡನೆ ಹೋಯಿತು. ಹುಡುಗಿ ತಂತಿಗಳನ್ನು ಬಹಳ ಗಂಭೀರವಾಗಿ ನೋಡುತ್ತಿದ್ದಳು, ಪಾಪ, ಪ್ರದರ್ಶನ ಅದೇ ಎಂದುಕೊಂಡಿದ್ದಳೇನೋ. ಆ ದಿನ ಸಂಜೆಯ ಲೆಕ್ಕದಲ್ಲಿ ಅವಳೂ ಒಬ್ಬ ಪ್ರೇಕ್ಷಕಿ.

ಮಕ್ಕಳು ಹತ್ತಿ ನಿಂತು ನೋಡಲು ಒಂದು ಮೆಟ್ಟಿಲಿನ ಹಲಗೆ ಮಾಡಲು ಒಂದು ಗಂಟೆ ಸಾಕು. ಮರಗೆಲಸ ಬಾರದ ಒಬ್ಬರೂ ನಮ್ಮ ಕ್ಲಬ್ಬುಗಳಲ್ಲಿಲ್ಲ. ಎರಡು ದಿನದ ಪ್ರದರ್ಶನವನ್ನು ಒಂದೇ ದಿನಕ್ಕೆ ಇಳಿಸುವುದಕ್ಕೂ ನನ್ನ ಮತವಿದೆ. ಶನಿವಾರ ಒಂದೇ ಇದ್ದರೆ ಜನ ಒತ್ತಾಗಿ ಇರುತ್ತಾರೆ, ವಸತಿಯ ಖರ್ಚು ಇಳಿಯುತ್ತದೆ, ಭಾನುವಾರ ಮಂಡಿಗಳಿಗೆ ವಿಶ್ರಾಂತಿ. ದೂರದಿಂದ ದೊಡ್ಡ ಲೇಔಟ್ ತರುವವರು ಒಪ್ಪುವುದಿಲ್ಲ, ಒಂದು ದಿನ ಓಡಿಸಲು ಎರಡು ದಿನ ಕಟ್ಟಿ ಬಿಚ್ಚುವುದೇ ಎಂದು ಕೇಳುತ್ತಾರೆ. ಅವರ ಮಾತೂ ಸುಳ್ಳಲ್ಲ. ಈ ಜಗಳ ನನ್ನ ಕಾಲದಲ್ಲಿ ಬಗೆಹರಿಯುವಂತೆ ಕಾಣುವುದಿಲ್ಲ.

ನಮ್ಮದೇ ಕ್ಲಬ್ಬಿನ ಒಂದು ಸಭೆಯ ವಿಷಯ ಹೇಳಿಬಿಡುತ್ತೇನೆ. ‘2026ರ ನವೆಂಬರ್ ಮೊದಲ ವಾರಾಂತ್ಯ’ ಎಂದು ಐದೇ ನಿಮಿಷದಲ್ಲಿ ನಿರ್ಣಯವಾಯಿತು, ಎಲ್ಲರೂ ತಲೆಯಾಡಿಸಿದೆವು. ಅಂಥ ಒಮ್ಮತ ನಮ್ಮಲ್ಲಿ ಅಪರೂಪ, ಆಗಲೇ ಅನುಮಾನ ಬರಬೇಕಿತ್ತು. ಕ್ಯಾಲೆಂಡರ್ ತೆಗೆದು ನೋಡಿ, ಆ ವರ್ಷ ನವೆಂಬರ್ 1 ಭಾನುವಾರ. ಖಜಾಂಚಿ ಅಕ್ಟೋಬರ್ 31 ಮತ್ತು ನವೆಂಬರ್ 1ಕ್ಕೆ ಸಭಾಂಗಣದ ಮುಂಗಡ ಕಟ್ಟಿದರು. ಕಾರ್ಯದರ್ಶಿ 7 ಮತ್ತು 8ಕ್ಕೆ ಪೋಸ್ಟರ್ ಬರೆಸಿದರು. ಯಾರದು ಸರಿ ಎಂಬ ವಾದ ಎರಡು ಸಭೆಗಳನ್ನು ನುಂಗಿತು. ಕೊನೆಗೆ ನಾನು ನೆರೆಯ ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿ, ನಿಮ್ಮದು ಯಾವಾಗ ಎಂದು ಕೇಳಿದೆ. ‘7 ಮತ್ತು 8’ ಎಂದರು. ಹಾಗಾದರೆ ನಾವು ಹಿಂದಿನ ವಾರ ಮಾಡುತ್ತೇವೆ, ಪೋಸ್ಟರ್ ಹೋದರೆ ಹೋಗಲಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಕೇಳಿದರು: ‘ಅಂದರೆ 7ನೇ ತಾರೀಕು ನಿಮ್ಮ ಮೇಜುಗಳೆಲ್ಲ ಖಾಲಿ ಇರುತ್ತವೆ ಅಲ್ಲವೇ? ಹನ್ನೆರಡು ಕೊಡಲಾದೀತೇ? ವ್ಯಾನು ನಾವೇ ಕಳಿಸುತ್ತೇವೆ.’

ನಮಸ್ಕಾರ.